ಬಿಳಿಯೆಲ್ಲ ಹಿನ್ನೆಲೆಯಲ್ಲ

ಊರು ಬಿಟ್ಟು ಬಂದ ಕನ್ನಡಿಗರು ಈ ಪಟ್ಟಣಗಳಲ್ಲಿ ಕೂಡಿ ಆಚರಿಸುವ ಸಮಾರಂಭಗಳು ಎಷ್ಟೋ, ಅವುಗಳ ಆಮಂತ್ರಣ ಪತ್ರಿಕೆಗಳೂ ಅಷ್ಟೇ. ಸಂಘದ ವಾರ್ಷಿಕೋತ್ಸವವಾಗಲಿ, ಯಕ್ಷಗಾನದ ಆಟವಾಗಲಿ, ಹೋಟೆಲಿನ ಹೊಸ ಶಾಖೆಯ ಪ್ರಾರಂಭವಾಗಲಿ, ಒಂದು ಕಾರ್ಡು ಬೇಕು. ಕಾರ್ಡಿನಲ್ಲಿ ಒಂದು ಚಿತ್ರ ಬೇಕು. ಹಿಂದೆ ಈ ಕೆಲಸ ಬ್ಲಾಕು ಮಾಡುವವರದು, ಮುದ್ರಣಾಲಯದವರದು. ಇಂದು ಅದು ಗುಮಾಸ್ತನ ಮೇಜಿನ ಕಂಪ್ಯೂಟರಿನಲ್ಲಿ, ಗಲ್ಲೆಯಲ್ಲಿ ಕುಳಿತ ತರುಣನ ಮೊಬೈಲಿನಲ್ಲಿ ನಡೆಯುತ್ತಿದೆ. ಸಂತೋಷದ ಸಂಗತಿಯೇ ಸರಿ. ಆದರೆ ಅದರಲ್ಲಿ ನಾವು ಒಮ್ಮೆ ಎಡವಿದುದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು.

ಕೆಲಕಾಲದ ಹಿಂದೆ ಅಂತಹದೊಂದು ಕಾರ್ಡನ್ನು ಸಿದ್ಧಪಡಿಸುವ ಹೊಣೆ ನಮ್ಮ ಪಾಲಿಗೆ ಬಂದಿತು. ಬಾಲ್ಯದಲ್ಲಿಯೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಅನೇಕ ಹುಡುಗರಿಗೆ ಅನ್ನದ ದಾರಿ ತೋರಿದ ಹಿರಿಯರೊಬ್ಬರ ಸ್ಮರಣೆಗಾಗಿ ಕರೆದ ಸಭೆಯದು. ಅವರ ಒಳ್ಳೆಯ ಭಾವಚಿತ್ರವೆಂದು ಉಳಿದಿದ್ದುದು ಒಂದೇ ಒಂದು: ಬಿಳಿಯ ಗೋಡೆಯ ಮುಂದೆ, ಬಿಳಿಯ ಅಂಗಿ ತೊಟ್ಟು, ಬಿಳಿಯ ಟೋಪಿ ಇಟ್ಟು ಕುಳಿತದ್ದು. ಕಾರ್ಡಿನ ನೆಲಕ್ಕೆ ಕುಂಕುಮದ ಬಣ್ಣ ಅಚ್ಚು ಹಾಕುವುದೆಂದು ನಿಶ್ಚಯವಾಗಿತ್ತು. ಚಿತ್ರವನ್ನು ಹಾಗೆಯೇ ಇಟ್ಟರೆ ಕೆಂಪಿನ ನಡುವೆ ಬಿಳಿಯ ಚೌಕವೊಂದು ತೇಪೆಯಂತೆ ಕಾಣುತ್ತಿತ್ತು. ನಾವು ಫೋಟೋಶಾಪಿನಲ್ಲಿ ಗೋಡೆಯ ಮೇಲೆ ಒಮ್ಮೆ ಒತ್ತಿ, ಬಿಳಿಯನ್ನು ಅಳಿಸಿ, ಮೊಬೈಲಿನಲ್ಲಿ ನೋಡಿ, ಸರಿಯಾಗಿದೆಯೆಂದು ಮಲಗಿದೆವು.

ಮರುದಿನ ಮಾದರಿಯ ಪ್ರತಿಯನ್ನು ಅವರ ಮನೆಗೆ ಒಯ್ದೆವು. ಅವರ ಪತ್ನಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಟೋಪಿಯಿಲ್ಲದೆ ಅವರು ಹೊಸ್ತಿಲು ದಾಟಿದವರಲ್ಲ, ಮಗಾ" ಎಂದಷ್ಟೇ ಹೇಳಿ ಕಾರ್ಡನ್ನು ಹಿಂದಿರುಗಿಸಿದರು. ಆಗ ನಾವು ನೋಡಿದೆವು. ಹಣೆಯಿಂದ ಮೇಲೆ ಬರಿಯ ಕೆಂಪು. ಗೋಡೆಯ ಜೊತೆಗೆ ಟೋಪಿಯೂ ಹೋಗಿತ್ತು. ಎಡಭುಜದ ಅಂಗಿಯೂ ಅರ್ಧ ಹೋಗಿತ್ತು. ಹಿಂದಿನ ರಾತ್ರಿ ಅದು ಕಾಣದಿದ್ದುದೇಕೆ? ಮೊಬೈಲಿನ ತೆರೆಯ ನೆಲವೂ ಬಿಳಿ. ತೂತಾದ ಜಾಗದಲ್ಲಿ ಆ ಬಿಳಿಯೇ ಇಣುಕಿತ್ತು. ಅದನ್ನೇ ನಾವು ಟೋಪಿಯೆಂದು ನಂಬಿದ್ದೆವು.

ಎರಡು ಬಗೆಯ ಬಿಳಿ

ಕಾಗದದ ಮೇಲೆ ಬಿಳಿಯೆಂದರೆ ಶಾಯಿಯಿಲ್ಲದ ಜಾಗ. ತೆರೆಯ ಮೇಲೆ ಹಾಗಲ್ಲ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳು ಪೂರ್ಣವಾಗಿ ಉರಿದರೆ ಬಿಳಿ. ಕಾಗದದಲ್ಲಿ ಏನೂ ಇಲ್ಲದ್ದು ಬಿಳಿಯಾದರೆ, ತೆರೆಯಲ್ಲಿ ಎಲ್ಲವೂ ಇರುವುದು ಬಿಳಿ. ಬಿಳಿಯ ಹಾಳೆಯ ಮೇಲೆ ಅಚ್ಚಾಗುವಾಗ ಯಾರ ಕಣ್ಣಿಗೂ ಬೀಳದ ಹಿನ್ನೆಲೆ, ಬಣ್ಣದ ನೆಲಕ್ಕೆ ಬಂದೊಡನೆ ಎದ್ದು ಕಾಣುವುದು ಇದರಿಂದಲೇ.

ಬ್ಲಾಕುಗಳ ಕಾಲದಲ್ಲಿ ಹಿನ್ನೆಲೆ ತೆಗೆಯುವವನು ಸಣ್ಣ ಕುಂಚ ಹಿಡಿದು, ಫೋಟೋದ ಮೇಲೆ ಆಕೃತಿಯ ಸುತ್ತ ಬಿಳಿಬಣ್ಣ ಬಳಿಯುತ್ತಿದ್ದನು. ಇಲ್ಲವೆ ನೆಗೆಟಿವಿನ ಮೇಲೆ ಬೆಳಕು ಹಾಯದ ಬಣ್ಣ ಹಚ್ಚುತ್ತಿದ್ದನು. ಕೆಲಸ ನಿಧಾನ, ಆದರೆ ಟೋಪಿ ಯಾವುದು, ಗೋಡೆ ಯಾವುದು ಎಂಬುದು ಆ ಕೈಗೆ ಗೊತ್ತಿತ್ತು.

ಸಂಖ್ಯೆಗೆ ಕಣ್ಣಿಲ್ಲ

ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಸಹೋದರರು ರೂಪಿಸಿದ ಫೋಟೋಶಾಪನ್ನು ಅಡೋಬಿ ಸಂಸ್ಥೆ ೧೯೯೦ರಲ್ಲಿ ಹೊರತಂದಿತು. ಅದರ 'ಮ್ಯಾಜಿಕ್ ವಾಂಡ್' ಎಂಬ ಸಾಧನದಿಂದಲೇ ನಮ್ಮ ಅನಾಹುತ ನಡೆದುದು. ಹೆಸರಿಗೆ ಮಂತ್ರದಂಡವಾದರೂ ಅದಕ್ಕೆ ಗೊತ್ತಿರುವುದು ಲೆಕ್ಕ ಮಾತ್ರ. ಸಾಮಾನ್ಯವಾಗಿ ಚಿತ್ರದ ಪ್ರತಿಯೊಂದು ಚುಕ್ಕಿಗೂ ಮೂರು ಸಂಖ್ಯೆಗಳಿವೆ. ಒಂದೊಂದೂ ೦ಯಿಂದ ೨೫೫ರವರೆಗೆ. ಮೂರೂ ೨೫೫ ಆದರೆ ಅಚ್ಚ ಬಿಳಿ. ನಾವು ಒತ್ತಿದ ಚುಕ್ಕಿಗಿಂತ ಎಷ್ಟು ದೂರದ ಸಂಖ್ಯೆಯವರೆಗೆ ಆರಿಸಿಕೊಳ್ಳಬೇಕೆಂಬುದನ್ನು 'ಟಾಲರೆನ್ಸ್' ಎಂಬ ಅಂಕಿ ಹೇಳುತ್ತದೆ. ರೂಢಿಯಂತೆ ಅದು ೩೨. ಎಂದರೆ ೨೫೫ರ ಮೇಲೆ ಒತ್ತಿದರೆ ೨೨೩ರವರೆಗಿನ ಬಿಳಿಯೆಲ್ಲ ಅದರ ಪಾಲು. ಗೋಡೆಯ ಮೂಲೆಯ ನೆರಳು ೨೧೫ ಆಗಿದ್ದರೆ ಅದು ಹೋಗದು. ಟೋಪಿ ೨೩೫ ಆಗಿದ್ದರೆ ಹೋಗುವುದು. 'ಕಂಟಿಗ್ಯುಯಸ್' ಎಂಬಲ್ಲಿ ಗುರುತು ಹಾಕಿದ್ದರೆ ಒಂದಕ್ಕೊಂದು ತಾಗಿದ ಚುಕ್ಕಿಗಳಿಗಷ್ಟೇ ಆಯ್ಕೆ ಹರಡುತ್ತದೆ. ಇಲ್ಲದಿದ್ದರೆ ಕಣ್ಣಿನೊಳಗಿನ ಬಿಳಿಯನ್ನೂ ಹಲ್ಲಿನ ಬಿಳಿಯನ್ನೂ ಬಿಡದು. ಆದರೆ ಗೋಡೆಗೂ ಟೋಪಿಗೂ ನಡುವಣ ಗೆರೆ ಒಂದೆಡೆ ಮಾಸಿದ್ದರೂ ಸಾಕು, ಬದು ಒಡೆದ ಗದ್ದೆಯ ನೀರಿನಂತೆ ಆಯ್ಕೆ ಒಳಗೆ ನುಗ್ಗುತ್ತದೆ.

ಅಂಚಿನ ತೊಡಕು ಇನ್ನೊಂದು. ಕೂದಲಿನ ಅಂಚಿನ ಚುಕ್ಕಿಯಲ್ಲಿ ಅರ್ಧ ಕೂದಲು, ಅರ್ಧ ಗೋಡೆ. ಅದನ್ನು ಉಳಿಸಿದರೆ ಕೆಂಪಿನ ಮೇಲೆ ಬಿಳಿಯ ಅಂಚು ಸುಣ್ಣದ ಗೆರೆಯಂತೆ ಉಳಿಯುತ್ತದೆ; ತೆಗೆದರೆ ತಲೆ ಕತ್ತರಿಯಲ್ಲಿ ಕತ್ತರಿಸಿದಂತಾಗುತ್ತದೆ. ಇದಕ್ಕೆ ಪರಿಹಾರವಾಗಿ ೧೯೭೭ರಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ವಿನ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಎಂಬವರು ಮೂರು ಸಂಖ್ಯೆಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದರು. ಅದರ ಹೆಸರು ಆಲ್ಫಾ. ಚುಕ್ಕಿ ತನ್ನ ಕೆಳಗಿರುವುದನ್ನು ಎಷ್ಟು ಮರೆಮಾಡಬೇಕೆಂದು ಹೇಳುವುದು ಅದರ ಕೆಲಸ. ಹಾಗಾಗಿ ಅರ್ಧ ಪಾರದರ್ಶಕವಾದ ಚುಕ್ಕಿಯೂ ಸಾಧ್ಯವಾಯಿತು.

ಇಡ್ಲಿಯ ಸಂಕಟ

ಹೋಟೆಲಿನ ಬಂಧುಗಳಿಗೆ ಇದೇ ತೊಡಕು ತಿಂಡಿಯ ಪಟ್ಟಿಯಲ್ಲಿ ಎದುರಾಗುತ್ತದೆ. ಬಿಳಿಯ ಇಡ್ಲಿ, ಬಿಳಿಯ ತಟ್ಟೆ, ಬಿಳಿಯ ಮೇಜು, ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ! ಇಲ್ಲಿ ಮಂತ್ರದಂಡ ಎತ್ತಿದರೆ ಸಾಂಬಾರಿನ ಬಟ್ಟಲೊಂದೇ ಉಳಿದೀತು. ಇದರ ಮದ್ದು ಯಂತ್ರದಲ್ಲಿಲ್ಲ, ಕ್ಯಾಮರಾದ ಮುಂದೆ ಇದೆ. ಬಾಳೆಲೆಯ ಮೇಲೋ ನೀಲಿ ಬಟ್ಟೆಯ ಮೇಲೋ ಇಟ್ಟು ಚಿತ್ರ ತೆಗೆದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯಿತು. ತಟ್ಟೆಯ ಬುಡದ ನೆರಳನ್ನು ಪೂರ್ತಿ ಅಳಿಸಬಾರದು. ಅಳಿಸಿದರೆ ತಟ್ಟೆ ಗಾಳಿಯಲ್ಲಿ ತೇಲುತ್ತದೆ. ಉಕ್ಕಿನ ಲೋಟದಲ್ಲಿ ಸುತ್ತಲಿನ ಬಿಳಿ ಪ್ರತಿಬಿಂಬಿಸುವುದರಿಂದ ಅದರ ಅಂಚನ್ನೂ ಕೈಯಿಂದಲೇ ಗುರುತಿಸಬೇಕು.

ಮಾಡುವ ಕ್ರಮ

ಮೊದಲನೆಯದಾಗಿ, ಮೂಲಚಿತ್ರವನ್ನು ಮುಟ್ಟದೆ ಅದರ ಪ್ರತಿಯ ಮೇಲೆ ಕೆಲಸ ಮಾಡಬೇಕು. ಅಳಿಸುವ ರಬ್ಬರಿನ ಬದಲು 'ಲೇಯರ್ ಮಾಸ್ಕ್' ಬಳಸಬೇಕು. ಅದರಲ್ಲಿ ಕಪ್ಪು ಬಳಿದ ಜಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಬರುತ್ತದೆ. ತಪ್ಪನ್ನು ತಿದ್ದಲು ದಾರಿಯಿರುತ್ತದೆ. ಸುಲಭದ ಜಾಗಗಳಿಗೆ ಮಂತ್ರದಂಡ ಸಾಕು, ಟಾಲರೆನ್ಸನ್ನು ಹತ್ತರ ಆಸುಪಾಸಿಗೆ ಇಳಿಸಿಕೊಂಡು. ಬಿಳಿಗೆ ಬಿಳಿ ತಾಗಿದಲ್ಲಿ 'ಪೆನ್ ಟೂಲ್' ಹಿಡಿದು ಗೆರೆ ಎಳೆಯಬೇಕು. ಗೆರೆ ಕಾಣದಿದ್ದರೆ, ಮೇಲೊಂದು 'ಲೆವೆಲ್ಸ್' ಪದರವಿಟ್ಟು ಚಿತ್ರವನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿದರೆ ಅಡಗಿದ್ದ ಹೊಲಿಗೆಯ ಸಾಲು ಹೊರಬೀಳುತ್ತದೆ. ಅಂಚನ್ನು ಒಂದು ಚುಕ್ಕಿಯಷ್ಟು ಒಳಸರಿಸಿದರೆ ಸುಣ್ಣದ ಗೆರೆ ಬಹುಮಟ್ಟಿಗೆ ಹೋಗುತ್ತದೆ. ಕಡೆಗೆ ಕೆಳಗೊಂದು ಗಾಢಬಣ್ಣದ ಪದರ ಹಾಸಿ ನೋಡಬೇಕು. ಈ ಒಂದು ಕೆಲಸ ಮಾಡಿದ್ದರೆ ನಮಗೆ ಆ ಮನೆಯಲ್ಲಿ ತಲೆ ತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ.

ಉಳಿಸುವಾಗ ಪಿಎನ್‌ಜಿ ರೂಪದಲ್ಲಿ ಉಳಿಸಬೇಕು. ಜೆಪಿಇಜಿಯಲ್ಲಿ ಪಾರದರ್ಶಕತೆಗೆ ಸ್ಥಳವಿಲ್ಲ. ತೆಗೆದ ಬಿಳಿ ಮತ್ತೆ ಬಂದು ಕುಳಿತುಕೊಳ್ಳುತ್ತದೆ. ಫೋಟೋಶಾಪಿಗೆ ಹಣ ತೆರಲಾರದವರಿಗೆ ಗಿಂಪ್ ಎಂಬ ಉಚಿತ ತಂತ್ರಾಂಶವಿದೆ. ತಾನಾಗಿ ಆಕೃತಿಯನ್ನು ಗುರುತಿಸಿ ಹಿನ್ನೆಲೆ ತೆಗೆಯುವ ಸೌಕರ್ಯ ಈಗ ಮೊಬೈಲುಗಳಲ್ಲಿಯೂ ಇದೆ. ಆ್ಯಪಲ್ ಕಂಪೆನಿ ತನ್ನ ಐಫೋನಿಗೆ ೨೦೨೨ರಲ್ಲಿ ಅದನ್ನು ತಂದಿತು. ಅವು ಸಂಖ್ಯೆ ಎಣಿಸುವ ಮಂತ್ರದಂಡಕ್ಕಿಂತ ಜಾಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿಳಿಗೆ ಬಿಳಿ ಸೇರಿದಲ್ಲಿ ಅವೂ ತಡವರಿಸುತ್ತವೆ.

ಸಹಿಯ ವಿಚಾರ

ಗುಮಾಸ್ತರಿಗೆ ಒಂದು ಎಚ್ಚರಿಕೆ. ಬಿಳಿಯ ಕಾಗದದ ಮೇಲಿನ ಸಹಿಯ ಚಿತ್ರ ತೆಗೆದು, ಬಿಳಿಯನ್ನು ನೀಗಿಸಿ, ಪತ್ರಗಳಿಗೆ ಅಂಟಿಸುವ ವಾಡಿಕೆ ಕಚೇರಿಗಳಲ್ಲಿ ಬೆಳೆದಿದೆ. ಹಾಗೆ ಹಿನ್ನೆಲೆ ಕಳೆದುಕೊಂಡ ಸಹಿ ಯಾವ ಕಾಗದದ ಮೇಲಾದರೂ ಕುಳಿತುಕೊಳ್ಳಬಲ್ಲುದು. ಯಜಮಾನರ ಅನುಮತಿಯಿಲ್ಲದೆ ಅದನ್ನು ಮಾಡಕೂಡದು; ಮಾಡಿದ್ದನ್ನು ಹತ್ತು ಜನ ಮುಟ್ಟುವ ಕಂಪ್ಯೂಟರಿನಲ್ಲಿ ಬಿಡಕೂಡದು. ನಾಳೆ ಏನಾದರೂ ಏರುಪೇರಾದರೆ ಮೊದಲ ಪ್ರಶ್ನೆ ಬರುವುದು ಬಡ ಗುಮಾಸ್ತನ ಮೇಲೆ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆ ಹೇಳುವ ಡಿಜಿಟಲ್ ಸಹಿಯೇ ಬೇರೆ. ಸಹಿಯ ಚಿತ್ರ ಅದಲ್ಲ.

ಅಂತೂ ನಾವು ಇನ್ನೊಂದು ರಾತ್ರಿ ಕುಳಿತು, ಟೋಪಿಯ ಅಂಚನ್ನು ಚುಕ್ಕಿ ಚುಕ್ಕಿಯಾಗಿ ಹುಡುಕಿ, ಅಂಗಿಯ ಭುಜವನ್ನೂ ಸರಿಪಡಿಸಿ, ಕುಂಕುಮದ ನೆಲದ ಮೇಲಿಟ್ಟು ನೋಡಿ, ಮರುದಿನ ಮತ್ತೊಂದು ಪ್ರತಿ ಒಯ್ದೆವು. ಆ ತಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇನ್ನು ಹೊರಡಲಿ" ಎಂದರು. ಕಾರ್ಡು ಆ ದಿನವೇ ಅಚ್ಚಿಗೆ ಹೋಯಿತು.

ಅಂದಿನಿಂದ ನಾವೊಂದು ನಿಯಮವನ್ನು ಪಾಲಿಸುತ್ತ ಬಂದಿದ್ದೇವೆ. ಯಾರ ಚಿತ್ರವೇ ಆಗಲಿ, ಅಚ್ಚಿಗೆ ಕಳುಹುವ ಮೊದಲು ಆ ಮುಖವನ್ನು ಬಲ್ಲವರೊಬ್ಬರಿಗೆ ತೋರಿಸುವುದು. ವಾಚಕರೂ ಹಾಗೆಯೇ ಮಾಡಿದರೆ ಒಳಿತು.