ಹಳೇ ಗಣಕದೊಳಗಿನ ಕರೆಯದ ನೆಂಟರು

“ಕವಿತೆ ಬೇಕಾದಷ್ಟು ಬಂದಿವೆ, ಯಾರಾದರೂ ಉಪಯೋಗಕ್ಕೆ ಬರುವಂಥದ್ದು ಬರೆಯಿರಿ” ಎಂದು ಸಂಪಾದಕರು ಸಂಘದ ಸಭೆಯಲ್ಲಿ ಕೈಮುಗಿದು ಕೇಳಿಕೊಂಡದ್ದರ ಫಲ ಈ ಲೇಖನ. ಗಣಕ ವಿಜ್ಞಾನ ಓದುವ ಗೆಳೆಯರಿಗೆ ಇದರಲ್ಲಿ ಹೊಸದೇನೂ ಕಾಣದೆ ಹೋಗಬಹುದು. ಅವರು ಮುಂದಿನ ಪುಟದ ಕವಿತೆಗೆ ಧಾರಾಳವಾಗಿ ಹಾರಬಹುದು. ಆದರೆ ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ, ಮುಂಬಯಿಯ ಒಂದೂವರೆ ಖೋಲಿಯಲ್ಲೂ ಕೂಡ, ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಒಂದು ಹಳೇ ಕಂಪ್ಯೂಟರ್ ಇದ್ದೇ ಇದೆ. ಅದನ್ನು ‘ವೈರಸ್ ಹಿಡಿದಿದೆ’ ಎಂದು ರಿಪೇರಿಗೆ ಹೊರುವ ಮುಂಚೆ ಇದನ್ನೊಮ್ಮೆ ಓದಿ ಎಂಬುದಷ್ಟೇ ನನ್ನ ಬಿನ್ನಹ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ನಾವು ಎಲ್ಲದಕ್ಕೂ ‘ವೈರಸ್’ ಅಂದುಬಿಡುತ್ತೇವೆ. ಸರಿಯಾಗಿ ಹೇಳುವುದಾದರೆ ವೈರಸ್ ಎಂಬುದು ಇನ್ನೊಂದು ತಂತ್ರಾಂಶಕ್ಕೆ ಅಂಟಿಕೊಂಡು ಬೆಳೆಯುವಂಥದ್ದು. ತಾನೇ ತೆವಳಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದು ಹುಳು. ಒಳ್ಳೆಯವನ ವೇಷ ಹಾಕಿ ಬರುವುದಕ್ಕೆ ಟ್ರೋಜನ್ ಕುದುರೆ ಎಂಬ ಗ್ರೀಕರ ಹೆಸರಿದೆ. ನಾವು ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಸನ್ಯಾಸಿಯ ವೇಷದಲ್ಲಿ ಬಾಗಿಲಿಗೆ ಬಂದ ರಾವಣ ಸಾಕು. ಗೆರೆಯನ್ನು ಅವನು ದಾಟಲಿಲ್ಲ, ದಾಟುವಂತೆ ಮಾಡಿದ. ಇಂದು ಮನೆಗಣಕಗಳಲ್ಲಿ ಸಿಗುವ ಕಸದಲ್ಲಿ ಹೆಚ್ಚಿನದು ಈ ಜಾತಿಯದೇ. ಯಾವುದೋ ಪುಕ್ಕಟೆ ತಂತ್ರಾಂಶವನ್ನು ಹಾಕಿಕೊಳ್ಳುವಾಗ ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂದು ಒತ್ತುತ್ತಾ ಹೋಗುತ್ತೇವಲ್ಲ, ಆಗ ಮೊದಲೇ ಗುರುತು ಹಾಕಿಟ್ಟ ಸಣ್ಣ ಚೌಕಗಳ ಮೂಲಕ ಇನ್ನೂ ನಾಲ್ಕು ಜನ ಒಳಗೆ ಬಂದಿರುತ್ತಾರೆ. ಕರೆಯದ ನೆಂಟರು ಎಂದು ಹೆಸರಿಟ್ಟೆನಾದರೂ ಬಾಗಿಲು ತೆರೆದವರು ಬಹಳ ಸಲ ನಾವೇ.

ಹಿಂದಿನ ಕಾಲದವರು ಇಷ್ಟು ಕಪಟಿಗಳಾಗಿರಲಿಲ್ಲ. ಐಬಿಎಂ ಜಾತಿಯ ಗಣಕಗಳಿಗೆ ತಗುಲಿದ ಮೊದಲ ವೈರಸ್ ‘ಬ್ರೈನ್’. ೧೯೮೬ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿದ್ದ ಅದರೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಸಹಿತ ಬರೆದಿಟ್ಟಿದ್ದರು! ಈಗಿನವರು ಹಾಗೆ ಚೀಟಿ ಬಿಟ್ಟು ಹೋಗುವುದಿಲ್ಲ. ಹುಡುಕಬೇಕು.

ಹುಡುಕುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯಿಂದಲೇ ಹೇಳುವುದು ಸುಲಭ. ಡೊಂಬಿವಲಿಯಲ್ಲಿರುವ ನನ್ನ ಮಾವನ ಮನೆಯ ಗಣಕ ೨೦೧೦ರಲ್ಲಿ ಕೊಂಡದ್ದು. ವಿಂಡೋಸ್ ೭, ಎರಡು ಜಿಬಿ ಮೆಮರಿ. ಕಳೆದ ದೀಪಾವಳಿಯ ಹೊತ್ತಿಗೆ ಅದು ಏಳುವುದಕ್ಕೇ ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಬ್ರೌಸರ್ ತೆರೆದರೆ ಯಾರೂ ಕೇಳದ ಹುಡುಕುಪುಟ, ಅದರ ಮೇಲೆ ಮೂರು ಸಾಲು ಟೂಲ್‌ಬಾರು. ಪೆನ್ ಡ್ರೈವ್ ಹಾಕಿದರೆ ಫೋಲ್ಡರುಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್‌ಗಳಾಗಿ ಕೂತಿದ್ದವು. ಗಲ್ಲಿಯ ರಿಪೇರಿ ಅಂಗಡಿಯವನು ಐದು ನಿಮಿಷ ನೋಡಿ “ಫಾರ್ಮ್ಯಾಟ್ ಕರ್ನಾ ಪಡೇಗಾ” ಅಂದ. ಮಾವ ನನಗೆ ಫೋನು ಮಾಡಿ, “ಎಂತ ಬೇಕಾದ್ರೂ ಮಾಡು ಮಾರಾಯ, ಫಾರ್ಮ್ಯಾಟ್ ಮಾತ್ರ ಬೇಡ. ಅಮ್ಮನ ಹಾಡು ಉಂಟು ಅದರಲ್ಲಿ” ಅಂದರು.

ಅಜ್ಜಿ ಉಡುಪಿ ಕಡೆಯ ಮದುವೆಮನೆಗಳಲ್ಲಿ ಹೇಳುತ್ತಿದ್ದ ಶೋಭಾನೆ ಹಾಡುಗಳನ್ನು ಮಾವ ವರ್ಷಗಟ್ಟಲೆ ಕೇಳಿ ಕೇಳಿ ‘ನುಡಿ’ಯಲ್ಲಿ ಟೈಪು ಮಾಡಿ ಇಟ್ಟಿದ್ದರು. ಅಜ್ಜಿ ತೀರಿಕೊಂಡು ಆರು ವರ್ಷವಾಯಿತು. ಆ ಹಾಡುಗಳಿಗೆ ಬೇರೆ ಪ್ರತಿ ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ವೈರಸ್ ಹುಡುಕುವುದಲ್ಲ. ಮೊದಲ ಕೆಲಸ ಇಂಟರ್ನೆಟ್ಟಿನ ತಂತಿ ಕೀಳುವುದು. ಎರಡನೆಯದು ಬೇಕಾದ್ದನ್ನು ಹೊರಗೆ ತೆಗೆಯುವುದು. ಇದನ್ನು ವಿಂಡೋಸ್ ಒಳಗಿನಿಂದ ಮಾಡಹೊರಟರೆ ನೀವು ಹಾಕಿದ ಪೆನ್ ಡ್ರೈವಿಗೂ ಅಂಟುತ್ತದೆ. ಇನ್ನೊಂದು ದಾರಿ ಇದೆ. ಬೇರೆ ಒಳ್ಳೆಯ ಗಣಕದಲ್ಲಿ ಲಿನಕ್ಸನ್ನು ಒಂದು ಪೆನ್ ಡ್ರೈವಿಗೆ ಇಳಿಸಿಕೊಂಡು, ಹಳೇ ಗಣಕವನ್ನು ಅದರಿಂದಲೇ ಎಬ್ಬಿಸುವುದು. ಪಪ್ಪಿ ಲಿನಕ್ಸ್‌ನಂಥ ಸಣ್ಣವು ಬಡ ಯಂತ್ರದ ಮೇಲೂ ಓಡುತ್ತವೆ. ಹೀಗೆ ಮಾಡಿದಾಗ ಗಟ್ಟಿತಟ್ಟೆಯಲ್ಲಿರುವ ವಿಂಡೋಸ್ ನಿದ್ದೆಯಲ್ಲೇ ಇರುತ್ತದೆ, ಅದರೊಳಗಿನ ಕಳ್ಳರೂ ನಿದ್ದೆಯಲ್ಲಿರುತ್ತಾರೆ. ನಾವು ಮನೆಯೆಲ್ಲ ಓಡಾಡಿ ನೋಡಬಹುದು. ಬರಹಗಳು, ಚಿತ್ರಗಳು, ಹಾಡಿನ ಧ್ವನಿಮುದ್ರಣಗಳು, ಇಷ್ಟನ್ನು ಮಾತ್ರ ನಕಲು ಮಾಡಿಕೊಳ್ಳಿ. ಇಎಕ್ಸ್‌ಇ, ವಿಬಿಎಸ್, ಎಲ್‌ಎನ್‌ಕೆ ಎಂಬ ಬಾಲವಿರುವ ಯಾವುದನ್ನೂ ಮುಟ್ಟಬೇಡಿ. ವರ್ಡ್ ಕಡತಗಳಲ್ಲೂ ಮ್ಯಾಕ್ರೋ ರೂಪದಲ್ಲಿ ಏನಾದರೂ ಅವಿತಿರಬಹುದಾದ್ದರಿಂದ, ಅವನ್ನು ಬೇರೆ ಯಂತ್ರದಲ್ಲಿ ತೆರೆಯುವ ಮುಂಚೆ ಒಮ್ಮೆ ಪರೀಕ್ಷೆಗೆ ಹಾಕುವುದು ಒಳ್ಳೆಯದು.

ಇಲ್ಲಿ ಒಂದು ಸಂತೋಷದ ಸಂಗತಿ. ಮಾವನ ಪೆನ್ ಡ್ರೈವಿನಲ್ಲಿ ‘ಅಳಿಸಿಹೋಗಿದೆ’ ಎಂದು ಅವರು ಕೈಬಿಟ್ಟಿದ್ದ ಫೋಲ್ಡರು ಲಿನಕ್ಸಿನಲ್ಲಿ ನೆಟ್ಟಗೆ ಕಾಣಿಸಿತು. ಈ ಶಾರ್ಟ್‌ಕಟ್ ಹುಳುವಿನ ಜಾಣತನವೇ ಅದು. ನಿಮ್ಮ ಫೋಲ್ಡರನ್ನು ಅದು ಅಳಿಸುವುದಿಲ್ಲ. ಅದಕ್ಕೆ ‘ಅಡಗಿದ್ದು’, ‘ವ್ಯವಸ್ಥೆಗೆ ಸೇರಿದ್ದು’ ಎಂಬ ಎರಡು ಮುದ್ರೆ ಒತ್ತಿ ಮರೆಮಾಡುತ್ತದೆ. ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಎದುರಿಗೆ ನಿಲ್ಲಿಸುತ್ತದೆ. ನೀವು ಒತ್ತಿದಾಗ ಮೊದಲು ಹುಳು ಏಳುತ್ತದೆ, ಆಮೇಲೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ಹಾಗಾಗಿ ಸಂಶಯವೇ ಬರುವುದಿಲ್ಲ. ಹಿಂದೆ ಪೆನ್ ಡ್ರೈವ್ ಚುಚ್ಚಿದ ಕೂಡಲೇ ಆಟೋರನ್ ಎಂಬ ಸೌಕರ್ಯದ ಮೂಲಕ ಇಂಥವು ತಾವಾಗಿ ಓಡುತ್ತಿದ್ದವು. ವಿಂಡೋಸ್ ೭ರಲ್ಲಿ ಮೈಕ್ರೋಸಾಫ್ಟ್ ಆ ಬಾಗಿಲು ಮುಚ್ಚಿತು. ೨೦೧೧ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ತಾಗಳಿಗೂ ಮುಚ್ಚುವ ತೇಪೆ ಕಳಿಸಿತು. ಬಾಗಿಲು ಮುಚ್ಚಿದ ಮೇಲೆ ಉಳಿದ ದಾರಿ ನಮ್ಮ ಬೆರಳೇ. ವಿಂಡೋಸಿನಲ್ಲೇ ಈ ಮುದ್ರೆಗಳನ್ನು ಅಳಿಸಬೇಕಾದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಆಟ್ರಿಬ್’ ಎಂಬ ಆಜ್ಞೆ ಇದೆ. ಎಚ್ ಮತ್ತು ಎಸ್ ಅಕ್ಷರಗಳ ಹಿಂದೆ ಮೈನಸ್ ಗುರುತು ಹಾಕಿ ಕೊಟ್ಟರೆ ಫೋಲ್ಡರುಗಳು ಬೆಳಕಿಗೆ ಬರುತ್ತವೆ. ಹುಳು ಜೀವಂತ ಇರುವಾಗ ಮಾಡಿದರೆ ಪ್ರಯೋಜನವಿಲ್ಲ, ಮತ್ತೆ ಮರೆಮಾಡುತ್ತದೆ.

ಪ್ರತಿ ಕೈಗೆ ಬಂದ ಮೇಲೆ ಧೈರ್ಯವಾಗಿ ವಿಂಡೋಸಿನೊಳಗೆ ಹೊಕ್ಕೆ. ಏಳುವ ಹೊತ್ತಿಗೆ ಎಫ್ ೮ ಒತ್ತುತ್ತಿದ್ದರೆ ‘ಸೇಫ್ ಮೋಡ್’ ಸಿಗುತ್ತದೆ, ಅಂದರೆ ತೀರ ಅಗತ್ಯದವರನ್ನು ಮಾತ್ರ ಕರೆದುಕೊಂಡು ಏಳುವ ವಿಧಾನ. ಮೊದಲು ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ತಂತ್ರಾಂಶಗಳ ಪಟ್ಟಿ ತೆರೆದು, ಹೆಸರಿನ ಪ್ರಕಾರ ಅಲ್ಲ, ಹಾಕಿದ ತಾರೀಕಿನ ಪ್ರಕಾರ ಜೋಡಿಸಿದೆ. ಇದು ಸಣ್ಣ ಉಪಾಯ, ಆದರೆ ಬಹಳ ಕೆಲಸಕ್ಕೆ ಬರುತ್ತದೆ. ಪಿಡಿಎಫ್ ಮಾಡಿಕೊಡುವ ಒಂದು ಪುಕ್ಕಟೆ ತಂತ್ರಾಂಶವನ್ನು ಮಾವ ಹಾಕಿದ ದಿನವೇ ಇನ್ನೂ ಐದು ಹೆಸರುಗಳು ಸೇರಿಕೊಂಡಿದ್ದವು. ಒಂದು ಟೂಲ್‌ಬಾರು, ಒಂದು ‘ಕೂಪನ್’ ಕೊಡುವಂಥದ್ದು, ಒಂದು ‘ಗಣಕದ ವೇಗ ಹೆಚ್ಚಿಸುವ’ ಮಹಾನುಭಾವ. ಮಾವನಿಗೆ ಫೋನು ಮಾಡಿ ಒಂದೊಂದನ್ನೂ ಕೇಳಿದೆ. “ಅದು ಯಾರಪ್ಪ, ನನಗೆ ಗೊತ್ತೇ ಇಲ್ಲ” ಅಂದದ್ದೆಲ್ಲ ಹೊರಗೆ ಹೋಯಿತು.

ಪಟ್ಟಿಯಲ್ಲಿ ಇರುವವರು ಸಭ್ಯರು ಅನ್ನಿ. ಪಟ್ಟಿಗೆ ಬಾರದವರನ್ನು ಹಿಡಿಯುವುದೇ ಕಷ್ಟ. ಯಂತ್ರ ಆರಿಸಿದರೆ ಅವರೂ ಸಾಯುತ್ತಾರೆ, ಆದ್ದರಿಂದ ಪ್ರತಿ ಸಲ ಯಂತ್ರದ ಜೊತೆಗೇ ಏಳುವುದಕ್ಕೆ ಎಲ್ಲಾದರೂ ಹೆಸರು ಬರೆಸಿಕೊಂಡಿರಲೇಬೇಕು. ಆ ಹಾಜರಿಪುಸ್ತಕ ನೋಡಿದರೆ ಸಿಕ್ಕಿಬೀಳುತ್ತಾರೆ. ವಿಂಡೋಸ್ ೭ರಲ್ಲಿ ‘ಎಂಎಸ್‌ಕಾನ್ಫಿಗ್’ ಎಂದು ಟೈಪು ಮಾಡಿದರೆ ಸ್ಟಾರ್ಟಪ್ ಪಟ್ಟಿ ಬರುತ್ತದೆ; ವಿಂಡೋಸ್ ೮ರಿಂದೀಚೆಗೆ ಅದೇ ಪಟ್ಟಿ ಟಾಸ್ಕ್ ಮ್ಯಾನೇಜರಿನಲ್ಲಿದೆ. ಅಲ್ಲಿ ನೋಡಬೇಕಾದ್ದು ಹೆಸರಲ್ಲ, ವಿಳಾಸ. ಹೆಸರು ಯಾರೂ ಇಟ್ಟುಕೊಳ್ಳಬಹುದು. ‘ಎಸ್‌ವಿಸಿಹೋಸ್ಟ್’ ವಿಂಡೋಸಿನ ನಿಜವಾದ ನೌಕರ, ಏಕಕಾಲಕ್ಕೆ ಹತ್ತಾರು ಪ್ರತಿಗಳಲ್ಲಿ ಓಡುತ್ತಾನೆ, ಅದನ್ನು ಕಂಡು ಹೆದರಬೇಕಾಗಿಲ್ಲ. ಆದರೆ ಅವನ ಮನೆ ವಿಂಡೋಸ್ ಫೋಲ್ಡರಿನ ಸಿಸ್ಟಮ್ ೩೨. ಅದೇ ಹೆಸರಿನವನು ಟೆಂಪ್ ಫೋಲ್ಡರಿನಲ್ಲೋ ಆ್ಯಪ್‌ಡೇಟಾ ಮೂಲೆಯಲ್ಲೋ ವಾಸವಾಗಿದ್ದರೆ, ಅಥವಾ ಹೆಸರಿನಲ್ಲಿ ಎರಡಕ್ಷರ ಹಿಂದುಮುಂದಾಗಿದ್ದರೆ ಕಳ್ಳನೇ ಸರಿ.

ಮಾವನ ಗಣಕದಲ್ಲಿ ಆ್ಯಪ್‌ಡೇಟಾದಿಂದ ಏಳುತ್ತಿದ್ದ, ಓದಲಿಕ್ಕೂ ಬಾರದ ಅಕ್ಷರಗೊಂಚಲಿನ ಹೆಸರಿದ್ದ ಒಂದು ವಿಬಿಎಸ್ ಕಡತ ಸಿಕ್ಕಿತು. ಅದೇ ಪೆನ್ ಡ್ರೈವಿನ ಹುಳು. ಇಂಥದ್ದನ್ನು ತೆಗೆಯುವುದಕ್ಕೂ ಒಂದು ಕ್ರಮ ಇದೆ. ಓಡುತ್ತಿರುವಾಗಲೇ ಪಟ್ಟಿಯಿಂದ ಹೆಸರು ಹೊಡೆದುಹಾಕಿದರೆ ಅದು ಮರುಕ್ಷಣವೇ ಮತ್ತೆ ಬರೆಸಿಕೊಳ್ಳುತ್ತದೆ. ಮೊದಲು ಟಾಸ್ಕ್ ಮ್ಯಾನೇಜರಿನಲ್ಲಿ ಅದನ್ನು ಓಡಿಸುತ್ತಿರುವ ‘ಡಬ್ಲ್ಯೂಸ್ಕ್ರಿಪ್ಟ್’ ಪ್ರಕ್ರಿಯೆಯನ್ನು ನಿಲ್ಲಿಸಬೇಕು, ಆಮೇಲೆ ಹೆಸರು, ಆಮೇಲೆ ಕಡತ. ಸ್ಟಾರ್ಟಪ್ಪಿನಲ್ಲಿ ಮಾತ್ರವಲ್ಲ, ‘ಟಾಸ್ಕ್ ಶೆಡ್ಯೂಲರ್’ ಎಂಬಲ್ಲೂ ಇಣುಕಿ ನೋಡಿ. ಗಂಟೆಗೊಮ್ಮೆ ಎದ್ದು ಬಾ ಎಂದು ಅಲ್ಲಿ ಅಪ್ಪಣೆ ಬರೆದಿಟ್ಟಿರುತ್ತಾರೆ. ಬ್ರೌಸರಿನಲ್ಲಿ ಗೊತ್ತಿಲ್ಲದ ಎಕ್ಸ್‌ಟೆನ್ಶನ್‌ಗಳನ್ನು ತೆಗೆದರೂ ಹಳೇ ಹುಡುಕುಪುಟವೇ ಬರುತ್ತಿದ್ದರೆ, ಬ್ರೌಸರಿನ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆಯಿರಿ. ‘ಟಾರ್ಗೆಟ್’ ಸಾಲಿನ ಕೊನೆಗೆ ಯಾವುದೋ ಜಾಲವಿಳಾಸ ಬಾಲದಂತೆ ಅಂಟಿಕೊಂಡಿದ್ದರೆ ಕತ್ತರಿಸಿ ಬಿಸಾಡಿ.

ಅದೇ ಸ್ಟಾರ್ಟಪ್ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು. ಕಂಪೆನಿಯ ಹೆಸರಿಲ್ಲ, ಹಿನ್ನೆಲೆಯಲ್ಲಿ ಸದಾ ಓಡುತ್ತದೆ, ಕೀಲಿಮಣೆಯ ಪ್ರತಿಯೊಂದು ಒತ್ತನ್ನೂ ನಡುವೆ ನಿಂತು ಹಿಡಿಯುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರಿನ ಲಕ್ಷಣಗಳೆಲ್ಲ ಹೀಗೆಯೇ. ಆದರೆ ಅದು ಬೇರೇನಲ್ಲ, ನುಡಿಯ ಕೀಲಿಮಣೆ ತಂತ್ರಾಂಶ! ನುಡಿಯಾಗಲಿ ಬರಹವಾಗಲಿ ಇಂಗ್ಲಿಷ್ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸದೆ ಬೇರೆ ಹೇಗೆ ಕೆಲಸ ಮಾಡೀತು? ಕನ್ನಡ ಗೊತ್ತಿಲ್ಲದ ರಿಪೇರಿಯವನ ಕಣ್ಣಿಗೆ ಅದೂ ಕಳ್ಳನೇ. ಅವನು ಫಾರ್ಮ್ಯಾಟ್ ಮಾಡಿ ‘ಡಾಟಾ ಬಚಾ ಲಿಯಾ’ ಎಂದು ಹಾಡಿನ ಕಡತಗಳನ್ನು ಉಳಿಸಿಕೊಟ್ಟಿದ್ದರೂ, ನುಡಿಯ ಅಕ್ಷರಶೈಲಿ ಹೋದ ಮೇಲೆ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಏಕೆಂದರೆ ಯುನಿಕೋಡ್ ಬಳಕೆಗೆ ಬರುವ ಮುಂಚಿನ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡವಾಗಿ ತೋರಿಸುವುದು ಅಕ್ಷರಶೈಲಿ. ಅಜ್ಜಿಯ ಹಾಡು ಅಲ್ಲೇ ಇದ್ದೂ ಇಲ್ಲವಾಗುತ್ತಿತ್ತು. ಆದ್ದರಿಂದ ಕಡತಗಳ ಜೊತೆಗೆ ಅಕ್ಷರಶೈಲಿಗಳನ್ನೂ ನಕಲು ಮಾಡಿಟ್ಟುಕೊಳ್ಳಿ ಎಂದು ಹಳೇ ಕನ್ನಡ ಕಡತ ಇರುವವರಿಗೆಲ್ಲ ಒತ್ತಿ ಹೇಳುತ್ತೇನೆ.

ಗೊತ್ತಿಲ್ಲದ್ದನ್ನೆಲ್ಲ ಕೊಲ್ಲಬೇಡಿ, ಮೊದಲು ಗುರುತು ತೆಗೆದು ನಿಲ್ಲಿಸಿ ನೋಡಿ. ಎಂಎಸ್‌ಕಾನ್ಫಿಗ್‌ನಲ್ಲಿ ಚೌಕದ ಗುರುತು ತೆಗೆದರೆ ಅದು ಏಳುವುದಿಲ್ಲ, ಆದರೆ ಅಳಿಯುವುದೂ ಇಲ್ಲ. ಎರಡು ದಿನದಲ್ಲಿ ಏನೂ ಕೆಡದಿದ್ದರೆ ಆಮೇಲೆ ತೆಗೆಯಬಹುದು. ಸಂಶಯದ ಕಡತವನ್ನು ಬೇರೆ ಯಂತ್ರದಿಂದ ‘ವೈರಸ್‌ಟೋಟಲ್’ಗೆ ಕೊಟ್ಟರೆ ಹತ್ತಾರು ವೈರಸ್‌ನಿರೋಧಕಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಅಲ್ಲಿಗೆ ನಿಮ್ಮ ಸ್ವಂತ ಪತ್ರ, ಬ್ಯಾಂಕಿನ ಕಾಗದ ಕೊಡಬೇಡಿ, ಕೊಟ್ಟದ್ದನ್ನು ಅವರು ಸಂಶೋಧಕರ ಜೊತೆ ಹಂಚಿಕೊಳ್ಳುತ್ತಾರೆ. ಕಡೆಗೆ ಹೆಸರುವಾಸಿಯಾದ ಒಂದು ವೈರಸ್‌ನಿರೋಧಕದಿಂದ ಪೂರ್ತಿ ಜಾಲಾಡಿಸಿ. ಒಂದೇ ಸಾಕು, ಎರಡನ್ನು ಒಟ್ಟಿಗೆ ಕಾವಲಿಗಿಟ್ಟರೆ ಪರಸ್ಪರ ಕಚ್ಚಾಡುತ್ತವೆ. ‘ನಿಮ್ಮ ಗಣಕಕ್ಕೆ ೩೬ ವೈರಸ್ ತಗುಲಿದೆ, ಈ ನಂಬರಿಗೆ ಫೋನು ಮಾಡಿ’ ಎಂದು ತಾನಾಗಿ ಕೂಗುವ ಪುಟ ವೈದ್ಯನಲ್ಲ, ಅದೇ ರೋಗ.

ಹಾಗಾದರೆ ಫಾರ್ಮ್ಯಾಟ್ ತಪ್ಪೇ? ಖಂಡಿತ ಅಲ್ಲ. ತೆಗೆದದ್ದು ಮತ್ತೆ ಮತ್ತೆ ಬರುತ್ತಿದ್ದರೆ, ವೈರಸ್‌ನಿರೋಧಕವೇ ಏಳದಿದ್ದರೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಜಾತಿಯದ್ದಾದರೆ, ಫಾರ್ಮ್ಯಾಟೇ ಸರಿ. ಪ್ರತಿ ತೆಗೆಯದೆ ಮಾಡುವುದಷ್ಟೇ ತಪ್ಪು.

ಮಾವನ ಯಂತ್ರ ಈಗ ಎರಡು ನಿಮಿಷದಲ್ಲಿ ಏಳುತ್ತದೆ. ಆದರೂ ತಂತಿಯನ್ನು ನಾನು ತಿರುಗಿ ಚುಚ್ಚಲಿಲ್ಲ. ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ ರಕ್ಷಣೆಯ ತೇಪೆ ಕೊಡುವುದನ್ನು ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ಕ್ಕೆ, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ಕ್ಕೆ ನಿಲ್ಲಿಸಿತು. ವಿಂಡೋಸ್ ೧೦ರ ಸಾಮಾನ್ಯ ಗಡುವೂ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ೨೦೧೭ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಜಗತ್ತನ್ನೆಲ್ಲ ಅಳಿಸಿದಾಗ ಸಿಕ್ಕಿಬಿದ್ದವುಗಳಲ್ಲಿ ವಿಂಡೋಸ್ ೭ರವೇ ಹೆಚ್ಚು. ಆ ಕಂಡಿಗೆ ತೇಪೆ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಬಂದಿತ್ತು, ಹಚ್ಚಿಕೊಂಡಿರಲಿಲ್ಲ ಅಷ್ಟೆ. ಈಗ ಸಿಗುವ ಕಂಡಿಗಳಿಗೆ ವಿಂಡೋಸ್ ೭ರಲ್ಲಿ ತೇಪೆಯೇ ಬರುವುದಿಲ್ಲ. “ಬ್ಯಾಂಕಿನ ಕೆಲಸ ಇದರಲ್ಲಿ ಬೇಡ ಮಾವ, ಟೈಪು ಮಾತ್ರ ಮಾಡಿ” ಎಂದು ಹೇಳಿ, ಪಾಸ್‌ವರ್ಡುಗಳನ್ನು ಅತ್ತೆಯ ಫೋನಿನಿಂದ ಒಂದೊಂದಾಗಿ ಬದಲಿಸಿಕೊಟ್ಟೆ.

ಹಾಡುಗಳನ್ನು ಯುನಿಕೋಡಿಗೆ ಬದಲಿಸುವ ಕೆಲಸ ಇನ್ನೂ ನಡೆಯುತ್ತಿದೆ. ಒತ್ತಕ್ಷರ ಮತ್ತು ಅರ್ಕಾವತ್ತು ಅಲ್ಲಲ್ಲಿ ಪಲ್ಲಟವಾಗುತ್ತವೆ, ಕಣ್ಣಿಟ್ಟು ತಿದ್ದಬೇಕು. ನಿಮ್ಮ ಮನೆಯಲ್ಲೂ ಇಂಥ ಹಳೇ ಕನ್ನಡ ಕಡತಗಳಿದ್ದರೆ ಗುರುವಾರ ಸಂಜೆ ಸಂಘದ ಕೋಣೆಗೆ ಪೆನ್ ಡ್ರೈವಿನಲ್ಲಿ ತನ್ನಿ. ಅದನ್ನು ಮೊದಲು ಲಿನಕ್ಸಿನಲ್ಲೇ ತೆರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.