ಮುಗಿಯದ ಅಂಕಿಯ ಪರೀಕ್ಷೆ

ಗಣಕಯಂತ್ರದ ಅರ್ಜಿಯಲ್ಲಿ ಪಿನ್‌ಕೋಡ್ ತುಂಬತೊಡಗಿದವನು 5 ಎಂದು ಒತ್ತುವಷ್ಟರಲ್ಲಿಯೇ ‘ತಪ್ಪು’ ಎಂಬ ಕೆಂಪಕ್ಷರ ಮೂಡುವುದುಂಟು. ಅವನು ತಪ್ಪಿಲ್ಲ; ಇನ್ನೂ ಮುಗಿಸಿಲ್ಲ, ಅಷ್ಟೆ.

ಅಕ್ಷರ, ಅಂಕಿಗಳ ಸಾಲು ಹೇಗಿರಬೇಕೆಂದು ಯಂತ್ರಕ್ಕೆ ತಿಳಿಸುವ ಸಂಕೇತಸೂತ್ರವೇ ರೆಗ್ಯುಲರ್ ಎಕ್ಸ್‌ಪ್ರೆಶನ್. ಇದರ ಗಣಿತವನ್ನು 1950ರ ದಶಕದಲ್ಲಿ ರೂಪಿಸಿದವನು ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೇನಿ.

1972ರಲ್ಲಿ ನಮ್ಮ ದೇಶದಲ್ಲಿ ಜಾರಿಗೆ ಬಂದ ಪಿನ್‌ಕೋಡಿನ ಸೂತ್ರ ಹೀಗೆ: ಮೊದಲು 1ರಿಂದ 9ರೊಳಗಿನ ಒಂದು ಅಂಕಿ, ಬಳಿಕ ಯಾವುವಾದರೂ ಐದು ಅಂಕಿಗಳು. ಪೂರ್ಣಗೊಂಡ 560001ಕ್ಕೆ ಇದು ತಕ್ಕ ಅಳತೆ. ಆದರೆ ಪ್ರತಿಯೊಂದು ಕೀಲಿ ಒತ್ತಿದಾಗಲೂ ಇದನ್ನೇ ಹಿಡಿದರೆ ಆರನೆಯ ಅಂಕಿ ಬರುವವರೆಗೆ ಎಲ್ಲವೂ ತಪ್ಪೇ. ಇದನ್ನು ತಪ್ಪಿಸಲು ಕೆಲವರು ಒಂದಂಕಿಗೊಂದು, ಎರಡಂಕಿಗೊಂದು, ನಡುವೆ ತೆರಪು ಬಿಟ್ಟವರಿಗೆ ಮತ್ತೊಂದು ಎಂದು ಸೂತ್ರಕ್ಕೆ ಬಾಲ ಬೆಳೆಸುತ್ತಾರೆ. ಕೊನೆಗೆ ಅದು ಬರೆದವರಿಗೇ ಅರ್ಥವಾಗದು.

ಇದಕ್ಕಿಂತ ಸರಳವಾದ ದಾರಿಯಿದೆ. ತೆರಪನ್ನು ಮೊದಲೇ ತೆಗೆದುಹಾಕಿ, ಸೂತ್ರದ ‘ಐದು’ ಎಂಬುದನ್ನು ‘ಸೊನ್ನೆಯಿಂದ ಐದರವರೆಗೆ’ ಎಂದು ತಿದ್ದಿದರಾಯಿತು. ಆಗ 5, 56, 560 ಎಲ್ಲವೂ ಸಲ್ಲುತ್ತವೆ. ಸೊನ್ನೆಯಿಂದ ತೊಡಗಿದರೆ, ಅಕ್ಷರ ಬೆರೆತರೆ ಅಥವಾ ಏಳನೆಯ ಅಂಕಿ ಬಂದರೆ ಮಾತ್ರ ತಡೆ. ಆರೂ ತುಂಬಿವೆಯೇ ಎಂದು ಅರ್ಜಿ ಸಲ್ಲಿಸುವಾಗ ನೋಡಿದರೆ ಸಾಕು. ಆ ಸಂಖ್ಯೆಯ ಅಂಚೆ ಕಚೇರಿ ಉಂಟೇ ಎಂಬುದನ್ನಾದರೋ ಸೂತ್ರ ಹೇಳಲಾರದು. ಅದಕ್ಕೆ ಅಂಚೆ ಇಲಾಖೆಯ ಪಟ್ಟಿಯೇ ಬೇಕು.