ಸೋರುವ ನಲ್ಲಿ ಮತ್ತು ನಮ್ಮ ಹೊಣೆ

ನೀರನ್ನು ಪೋಲು ಮಾಡಬಾರದೆಂಬ ಮಾತನ್ನು ಜುಮಾ ಖುತ್ಬಾದಲ್ಲಿ ನಾವು ಆಗಾಗ ಕೇಳುತ್ತೇವೆ. ವುಝೂ ಮಾಡುವಾಗ ನಲ್ಲಿಯನ್ನು ಸಣ್ಣಗೆ ಬಿಟ್ಟು ಮುಗಿಸುವವರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ನಾವು ಎದ್ದು ಹೋದ ಮೇಲೆ ಅದೇ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುತ್ತಿದ್ದರೆ, ಉಳಿಸಿದ ನೀರು ಚರಂಡಿಗೇ ಹೋಗುತ್ತದೆ.

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಮುದ್ದ್ ಎಂದರೆ ಸಾಧಾರಣ ಒಂದು ಬೊಗಸೆಯಷ್ಟು, ಮುಕ್ಕಾಲು ಲೀಟರಿನ ಆಸುಪಾಸು. ಹನಫಿ ಲೆಕ್ಕದಲ್ಲಿ ಇನ್ನು ಸ್ವಲ್ಪ ಹೆಚ್ಚು. ಈಗ ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯನ್ನು ನೋಡೋಣ. ದಿನಕ್ಕೆ 86,400 ಹನಿಗಳು. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ನಾಲ್ಕು ಲೀಟರಿಗಿಂತ ಹೆಚ್ಚಾಯಿತು. ಅದು ಒಬ್ಬರ ಐದು ಹೊತ್ತಿನ ವುಝೂವಿಗೆ ಸಾಲುವ ನೀರು. ವರ್ಷಕ್ಕೆ 1,500 ಲೀಟರ್ ದಾಟುತ್ತದೆ, ಅಂದರೆ ಸಾವಿರ ಲೀಟರಿನ ಒಂದೂವರೆ ಟ್ಯಾಂಕ್. ಇದನ್ನು ನಿಲ್ಲಿಸಲು ಹೆಚ್ಚಿನ ಸಲ ಬೇಕಾಗುವುದು ಒಂದು ವಾಷರ್ ಮತ್ತು ಅರ್ಧ ಗಂಟೆ.

ಮೊದಲು ನೀರು ನಿಲ್ಲಿಸಿ

ಯಾವ ಕೆಲಸಕ್ಕೂ ಮುಂಚೆ ಆ ನಲ್ಲಿಗೆ ಬರುವ ವಾಲ್ವನ್ನು ಮುಚ್ಚಬೇಕು. ಅದಿಲ್ಲದಿದ್ದರೆ ಟ್ಯಾಂಕಿನ ಹತ್ತಿರದ ಗೇಟ್ ವಾಲ್ವನ್ನು ಮುಚ್ಚಬೇಕು. ನಂತರ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಹಿಡಿದುಕೊಳ್ಳಿ. ಮನೆಯ ವಾಲ್ವ್ ಎಲ್ಲಿದೆ ಎಂಬುದು ಹೆಂಗಸರಿಗೂ ಮಕ್ಕಳಿಗೂ ಗೊತ್ತಿರಲಿ. ಪೈಪ್ ಒಡೆದ ದಿನ ಮನೆಯಲ್ಲಿ ಯಾರಿರುತ್ತಾರೋ ಹೇಳಲಾಗದು.

ಮೂತಿಯಿಂದ ಹನಿಯುತ್ತಿದ್ದರೆ

ಹಲವು ಸುತ್ತು ತಿರುಗಿಸುವ ಹಳೆಯ ಮಾದರಿಯ ನಲ್ಲಿಯಲ್ಲಿ ನೀರನ್ನು ತಡೆಯುವುದು ಒಳಗಿರುವ ರಬ್ಬರ್ ವಾಷರ್. ಅದು ಸವೆದಾಗ ನಲ್ಲಿ ಹನಿಯುತ್ತದೆ. ಆಗ ಬಹಳಷ್ಟು ಮನೆಗಳಲ್ಲಿ ಮಾಡುವುದು ಇನ್ನಷ್ಟು ಬಲವಾಗಿ ತಿರುಗಿಸುವುದು. ಬಲ ಹೆಚ್ಚಿದಷ್ಟೂ ವಾಷರ್ ಇನ್ನೂ ಬೇಗ ಹರಿಯುತ್ತದೆ. ಕೊನೆಗೆ ಅದು ಕೂರುವ ಹಿತ್ತಾಳೆಯ ಅಂಚೂ ಕೆಡುತ್ತದೆ. ಹತ್ತಾರು ರೂಪಾಯಿಯ ಕೆಲಸ ಹೊಸ ನಲ್ಲಿಯ ಖರ್ಚಿಗೆ ತಿರುಗುವುದು ಹೀಗೆ.

ಹಿಡಿಯ ಮೇಲಿನ ಮುಚ್ಚಳ ತೆಗೆದು ಸ್ಕ್ರೂ ಬಿಚ್ಚಿ. ಒಂದು ಕೈಯಲ್ಲಿ ನಲ್ಲಿಯನ್ನು ಭದ್ರವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್‌ನಿಂದ ಮೇಲಿನ ಭಾಗವನ್ನು ಎಡಕ್ಕೆ ತಿರುಗಿಸಿ. ಹಿಡಿಯದಿದ್ದರೆ ಗೋಡೆಯೊಳಗಿನ ಪೈಪ್ ತಿರುಚೀತು. ಹೊರಬಂದ ಭಾಗದ ತುದಿಯಲ್ಲಿ ವಾಷರ್ ಇರುತ್ತದೆ. ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತಂದು ಹಾಕಿ.

ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಗಳಲ್ಲಿ ವಾಷರ್ ಬದಲು ಎರಡು ಪಿಂಗಾಣಿ ಬಿಲ್ಲೆಗಳಿರುವ ಕಾರ್ಟ್ರಿಜ್ ಇರುತ್ತದೆ. ಮರಳಿನ ಕಣ ಸಿಕ್ಕಿಕೊಂಡಿದ್ದರೆ ತೊಳೆದು ಹಾಕಿದರೆ ಸಾಕು. ಬಿಲ್ಲೆಯ ಮೇಲೆ ಗೀರು ಬಿದ್ದಿದ್ದರೆ ಕಾರ್ಟ್ರಿಜ್ಜನ್ನೇ ಬದಲಿಸಬೇಕು. ಕಂಪೆನಿಯಿಂದ ಕಂಪೆನಿಗೆ ಇದರ ಅಳತೆ ಬೇರೆ. ಹಾಗಾಗಿ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಹಿಡಿಯ ಬುಡದಿಂದ ಸೋರುತ್ತಿದ್ದರೆ

ನಲ್ಲಿ ತೆರೆದಾಗ ಮಾತ್ರ ಹಿಡಿಯ ಕೆಳಗೆ ನೀರು ಒಸರುವುದುಂಟು. ಹಳೆಯ ಮಾದರಿಯಲ್ಲಿ ಅಲ್ಲೊಂದು ಸಣ್ಣ ನಟ್ಟಿದೆ. ಅದನ್ನು ತುಸು ಬಿಗಿಮಾಡಿ ನೋಡಿ. ನಿಲ್ಲದಿದ್ದರೆ ಆ ನಟ್ಟನ್ನು ಬಿಚ್ಚಿ, ಒಳಗಿನ ದಂಡದ ಸುತ್ತ ಹುರಿಮಾಡಿದ ಟೆಫ್ಲಾನ್ ಟೇಪನ್ನು ಸುತ್ತಿ ಮತ್ತೆ ಕೂರಿಸಿ.

ಗೋಡೆಯ ಬಳಿ ಸೋರುತ್ತಿದ್ದರೆ, ಹೊಸ ನಲ್ಲಿ ಹಾಕುವುದಿದ್ದರೆ

ಎರಡಕ್ಕೂ ಕ್ರಮ ಒಂದೇ. ಮನೆಗಳಲ್ಲಿ ಸಾಮಾನ್ಯವಾಗಿರುವುದು ಅರ್ಧ ಇಂಚಿನ ನಲ್ಲಿ. ಹಳೆಯದನ್ನು ಬಿಚ್ಚಿದ ಮೇಲೆ ಗೋಡೆಯ ಫಿಟ್ಟಿಂಗಿನಲ್ಲಿ ಉಳಿದ ಹಳೆಯ ಟೇಪು, ತುಕ್ಕು, ಮಣ್ಣನ್ನು ತೆಗೆಯಿರಿ. ವಾಲ್ವನ್ನು ಒಂದು ಕ್ಷಣ ತೆರೆದು ಕಸವನ್ನು ಹೊರಬಿಡಿ. ಹೊಸ ನಲ್ಲಿಯ ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪ್ ಸುತ್ತಿ. ತಿರುವುಮುರುವಾಗಿ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ. ತೆಳ್ಳಗಿನ ಟೇಪಾದರೆ ಎಂಟು ಹತ್ತು ಸುತ್ತು ಬೇಕು.

ಗೋಡೆಯ ಬಿಲ್ಲೆಯನ್ನು ಮೊದಲೇ ಸೇರಿಸಿ, ನಲ್ಲಿಯನ್ನು ಕೈಯಿಂದಲೇ ತಿರುಗಿಸಿ ಕೂರಿಸಿ. ಕೊನೆಯ ಬಿಗಿತಕ್ಕೆ ಮಾತ್ರ ಸ್ಪ್ಯಾನರ್ ಬಳಸಿ, ನಡುವೆ ಬಟ್ಟೆ ಇಟ್ಟರೆ ಹೊಳಪು ಕೆಡುವುದಿಲ್ಲ. ಪ್ಲಾಸ್ಟಿಕ್ ಫಿಟ್ಟಿಂಗಾದರೆ ಬಲ ಇನ್ನೂ ಕಡಿಮೆ ಇರಲಿ, ಅದು ಬಿರಿಯುತ್ತದೆ. ಮೂತಿ ನೇರವಾಗಲೆಂದು ನಲ್ಲಿಯನ್ನು ಹಿಂದಕ್ಕೆ ತಿರುಗಿಸಬೇಡಿ. ಹಿಂದೆ ತಿರುಗಿಸಿದರೆ ಟೇಪಿನ ಹಿಡಿತ ಹೋಗಿ ಮತ್ತೆ ಸೋರುತ್ತದೆ. ನೇರ ಬಾರದಿದ್ದರೆ ಪೂರ್ತಿ ಬಿಚ್ಚಿ, ಟೇಪನ್ನು ಹೆಚ್ಚು ಕಡಿಮೆ ಮಾಡಿ, ಹೊಸದಾಗಿ ಹಾಕಿ.

ಬೇಸಿನ್ ಕೆಳಗಿನ ಕನೆಕ್ಷನ್ ಪೈಪಿನ ನಟ್ಟಿನ ವಿಷಯ ಬೇರೆ. ಅಲ್ಲಿ ನೀರನ್ನು ತಡೆಯುವುದು ಒಳಗಿನ ರಬ್ಬರ್ ವಾಷರೇ. ಸೋರಿದರೆ ಆ ವಾಷರನ್ನು ಬದಲಿಸಿ.

ಧಾರೆ ಸಣ್ಣದಾಗಿದ್ದರೆ ಮೂತಿಯ ಜಾಲರಿಯನ್ನು ಬಿಚ್ಚಿ ನೋಡಿ. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಅದರಲ್ಲಿ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ. ವಿನೆಗರಿನಲ್ಲಿ ಕೆಲವು ಗಂಟೆ ನೆನೆಸಿಟ್ಟು ಹಳೆಯ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ನೀರಿನ ಮೀಟರ್ ತಿರುಗುತ್ತಿದ್ದರೆ, ಅಥವಾ ಗೋಡೆಯಲ್ಲಿ ತೇವ ಹರಡುತ್ತಿದ್ದರೆ ಒಳಗಿನ ಪೈಪ್ ಸೋರುತ್ತಿದೆ ಎಂದರ್ಥ. ಆಗ ಪ್ಲಂಬರನ್ನೇ ಕರೆಸಬೇಕು. ತಡ ಮಾಡಿದರೆ ಪಕ್ಕದ ಮನೆಯ ಗೋಡೆಯೂ ಕೆಡುತ್ತದೆ. ನೆರೆಯವರ ಹಕ್ಕಿನ ಪ್ರಶ್ನೆಯೂ ಅಲ್ಲಿದೆ.

ಇನ್ನು ಮಸೀದಿಯ ವುಝೂಖಾನೆ. ಅಲ್ಲಿ ಸಾಲಾಗಿ ನಲ್ಲಿಗಳಿರುತ್ತವೆ. ಒಂದೆರಡು ಸದಾ ಹನಿಯುತ್ತಿರುತ್ತವೆ. ಎಲ್ಲರೂ ನೋಡುತ್ತಾರೆ, ಕಮಿಟಿಯವರು ಮಾಡಿಸಲಿ ಎಂದು ಎದ್ದು ಹೋಗುತ್ತಾರೆ. ಆ ನೀರು ಜಮಾಅತಿನ ಎಲ್ಲರ ಅಮಾನತ್. ಒಂದು ಡಬ್ಬಿಯಲ್ಲಿ ಹತ್ತು ವಾಷರ್, ಎರಡು ಸುರುಳಿ ಟೇಪ್, ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇಟ್ಟು, ತಿಂಗಳಿಗೊಮ್ಮೆ ಇಬ್ಬರು ಯುವಕರು ಎಲ್ಲ ನಲ್ಲಿಗಳನ್ನು ನೋಡುವಂತೆ ಮಾಡಿದರೆ ಸಾಕು. ಮುಂದಿನ ಜುಮಾಕ್ಕೆ ಹೋದಾಗ ಹನಿಯುವ ನಲ್ಲಿ ಕಂಡರೆ, ಅದನ್ನು ಸರಿಪಡಿಸುವ ಸರದಿಯನ್ನು ನಮ್ಮಿಂದಲೇ ಆರಂಭಿಸೋಣ.